ಶಿಲೀಂಧ್ರವಿಲ್ಲದ ಕುಂಡಗಳು

ಜಪಾನಿನ ಸೆಂಡಾಯ್‌ನ ವಿಶ್ವವಿದ್ಯಾಲಯವೊಂದರಲ್ಲಿ ಅನಸೂಯಾ ಭತ್ತದ ಬೇರುಗಳ ಮೇಲೆ ಕೆಲಸ ಮಾಡುತ್ತಿದ್ದಳು. ಅವಳ ನೇಮಕದ ಅವಧಿ ಬರುವ ಮಾರ್ಚ್‌ಗೆ ಮುಗಿಯುವುದಿತ್ತು. ಅದನ್ನು ಎರಡು ವರ್ಷ ವಿಸ್ತರಿಸಲು ಪ್ರಾಧ್ಯಾಪಕ ತೋಗಾಶಿ ಒಪ್ಪಿದ್ದರು. ಆದರೆ ಆ ಒಪ್ಪಿಗೆ ಒಂದು ಪ್ರಬಂಧದ ಮೇಲೆ ನಿಂತಿತ್ತು. ವರ್ಷ ಮುಗಿಯುವುದರೊಳಗೆ ಪ್ರಬಂಧ ಪತ್ರಿಕೆಗೆ ಹೋದರೆ ವಿಸ್ತರಣೆ. ಹೋಗದಿದ್ದರೆ ಅವಳು ಟೋಕಿಯೊಗೆ, ಗಂಡನ ಕಂಪನಿ ಕೊಡುವ ಮನೆಗೆ ಹೋಗಬೇಕು. ಆಗ ಅವಳ ವಾಸದ ಕಾರ್ಡಿನಲ್ಲಿ ಸಂಶೋಧಕಿ ಎಂದಿದ್ದ ಕಡೆ ಅವಲಂಬಿತೆ ಎಂದು ಬರೆಯುತ್ತಾರೆ. ಆ ಪದದೊಳಗೆ ಹೋದ ಹೆಂಗಸರನ್ನು ಅವಳು ಕಂಡಿದ್ದಳು. ಅದರಿಂದ ಹೊರಬಂದವರನ್ನು ಹೆಚ್ಚಾಗಿ ಕಂಡಿರಲಿಲ್ಲ.

ಪ್ರಬಂಧದ ವಿಷಯ ಹೀಗಿತ್ತು. ಮಣ್ಣಿನಲ್ಲಿ ಒಂದು ಬಗೆಯ ಶಿಲೀಂಧ್ರವಿದೆ. ಅದರ ನೂಲಿನಂಥ ಎಳೆಗಳು ಗಿಡದ ಬೇರನ್ನು ಹೊಕ್ಕು, ಜೀವಕೋಶಗಳ ಒಳಗೆ ಪುಟ್ಟ ಮರದಂತೆ ಕವಲೊಡೆಯುತ್ತವೆ. ಬೇರು ತಲುಪಲಾರದ ಕಡೆಯಿಂದ ರಂಜಕವನ್ನು ತಂದುಕೊಟ್ಟು, ಪ್ರತಿಯಾಗಿ ಗಿಡದಿಂದ ಸಕ್ಕರೆ ಪಡೆಯುತ್ತವೆ. ಎರಡು ಕಡೆಯೂ ಲಾಭವಿರುವ ವ್ಯವಹಾರ. ಆದರೂ ಶಿಲೀಂಧ್ರ ಮೊದಲು ಮುಟ್ಟಿದಾಗ ಬಂದಿರುವುದು ನೆರವೋ ರೋಗವೋ ಎಂಬುದು ಬೇರಿಗೆ ತಿಳಿಯದು. ರೋಗ ಬಂದರೆ ಏನು ಮಾಡುತ್ತದೆಯೋ ಅದನ್ನೇ ಮಾಡುತ್ತದೆ: ಕೋಶದ ಗೋಡೆಯನ್ನು ದಪ್ಪಗೊಳಿಸುತ್ತದೆ, ಶಿಲೀಂಧ್ರದ ಮೈಯನ್ನು ಕತ್ತರಿಸುವ ಕಿಣ್ವಗಳನ್ನು ತಯಾರಿಸುತ್ತದೆ. ಕೆಲವು ದಿನಗಳಲ್ಲಿ ಈ ಪ್ರತಿರೋಧ ಇಳಿಯುತ್ತದೆ. ಅಲ್ಲಿಂದ ಕೊಡುಕೊಳ್ಳುವಿಕೆ ಆರಂಭವಾಗುತ್ತದೆ. ಇಷ್ಟು ಎಲ್ಲರೂ ಬಲ್ಲ ಸಂಗತಿ.

ಅನಸೂಯಾಳ ಕುಂಡಗಳಲ್ಲಿ ಅದು ಇಳಿಯಲಿಲ್ಲ. ಈಶಾನ್ಯ ಜಪಾನಿನ ಗುಡ್ಡಗಳಲ್ಲಿ ಹಿಂದೆ ಬೆಳೆಯುತ್ತಿದ್ದ ಒಂದು ಭತ್ತದ ತಳಿಯನ್ನು ಅವಳು ಏಪ್ರಿಲ್ ಕೊನೆಗೆ ನೆಟ್ಟಿದ್ದಳು. ಶಿಲೀಂಧ್ರ ಬೇರಿನೊಳಗೆ ಹೋಯಿತು, ಕವಲೊಡೆಯಿತು, ರಂಜಕ ತಂದಿತು. ಬೇರು ಅದನ್ನು ಒಳಗೆ ಬಿಟ್ಟುಕೊಂಡೂ ಏಳನೆಯ ವಾರದವರೆಗೆ ಮೊದಲ ವಾರದಷ್ಟೇ ಬಲವಾಗಿ ಸೆಣಸುತ್ತಿತ್ತು. ಸೆಪ್ಟೆಂಬರಿನ ಆನ್‌ಲೈನ್ ಸಭೆಯಲ್ಲಿ ಈ ರೇಖಾಚಿತ್ರವನ್ನು ತೋರಿಸಿದಾಗ ಪರದೆಯ ಮೇಲಿನ ಚೌಕಗಳಲ್ಲಿ ಯಾರೂ ಅಲುಗಾಡಲಿಲ್ಲ. ತೋಗಾಶಿ ಸೆನ್ಸೆಯ್ ಕನ್ನಡಕ ತೆಗೆದು ಒರೆಸಿಕೊಂಡು, ಬರೆಯಿರಿ ಎಂದರು.

ಒಂದು ಕೆಲಸ ಬಾಕಿಯಿತ್ತು. ಪ್ರತಿ ಟ್ರೇಯಲ್ಲಿಯೂ ಹೋಲಿಕೆಗಾಗಿ ಶಿಲೀಂಧ್ರ ಬೆರೆಸದ ಕೆಲವು ಕುಂಡಗಳಿದ್ದವು, ಕಂಟ್ರೋಲ್ ಎನ್ನುವಂಥವು: ಅದೇ ಮಣ್ಣು, ಅದೇ ನೀರು, ಅದೇ ಬೆಳಕು. ಶಿಲೀಂಧ್ರವಿರುವ ಬೇರಿನ ಪ್ರತಿರೋಧದಿಂದ ಇವುಗಳ ಪ್ರತಿರೋಧವನ್ನು ಕಳೆದರೆ ಉಳಿಯುವುದು ಶಿಲೀಂಧ್ರದ ಪಾಲು. ಇವುಗಳ ಮೊದಲ ವಾರದ ಬೇರುಗಳನ್ನು ಅಳೆದಾಗಿತ್ತು. ಸೊನ್ನೆಯ ಹತ್ತಿರ ಬಂದಿತ್ತು. ನಂತರದ ವಾರಗಳವು ಫ್ರೀಜರಿನಲ್ಲಿದ್ದವು. ಅಳೆಯುವ ಕಿಟ್ ಮುಗಿದಿತ್ತು, ಹೊಸದು ಹೊರದೇಶದಿಂದ ಬರಬೇಕು, ಆ ಕೊರೊನಾ ವರ್ಷದಲ್ಲಿ ವಿಮಾನಗಳಿರಲಿಲ್ಲ. ಶಿಲೀಂಧ್ರವೇ ಇಲ್ಲದ ಬೇರು ಮೊದಲ ವಾರ ಸುಮ್ಮನಿದ್ದರೆ ಏಳನೆಯ ವಾರವೂ ಸುಮ್ಮನಿರುತ್ತದೆ ಎಂದು ಅನಸೂಯಾ ಅದೇ ಸಂಖ್ಯೆಯನ್ನು ಎಲ್ಲ ವಾರಗಳಿಗೂ ಇಟ್ಟು ಕಳೆದಿದ್ದಳು. ಸಭೆಯಲ್ಲಿ ಯಾರೂ ಆಕ್ಷೇಪಿಸಲಿಲ್ಲ.

ಆ ವರ್ಷ ಗಿಡಗಳ ಕೋಣೆಯಲ್ಲಿ ಇಬ್ಬರು ಒಟ್ಟಿಗೆ ಇರುವಂತಿರಲಿಲ್ಲ. ಬೆಳಗ್ಗೆ ತಂತ್ರಜ್ಞೆ ಸುಗವಾರಾ-ಸಾನ್, ಮಧ್ಯಾಹ್ನದ ಮೇಲೆ ಅನಸೂಯಾ. ಸುಗವಾರಾ-ಸಾನ್ ಅರವತ್ತು ದಾಟಿದವರು. ಮನೆಯಲ್ಲಿ ತೊಂಬತ್ತೊಂದರ ತಾಯಿಯಿದ್ದರು. ಹಿಂದೆ ದಿನವೂ ಒಟ್ಟಿಗೆ ಚಹಾ ಕುಡಿಯುತ್ತಿದ್ದ ಇಬ್ಬರೂ ಈಗ ತಿಂಗಳಿಗೊಮ್ಮೆ ಕಾರಿಡಾರಿನ ಎರಡು ತುದಿಗಳಿಂದ ತಲೆಬಾಗುತ್ತಿದ್ದರು, ಅಷ್ಟೆ.

ಅಕ್ಟೋಬರ್ ಕೊನೆಗೆ ವಿವೇಕ್ ಮರಳಿ ಬಂದ. ಅವನು ಅದೇ ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದ, ಫೆಬ್ರವರಿಯಲ್ಲಿ ಅಕ್ಕನ ಮದುವೆಗೆಂದು ಬೆಂಗಳೂರಿಗೆ ಹೋಗಿ, ಜಪಾನ್ ಬಾಗಿಲು ಮುಚ್ಚಿದ್ದರಿಂದ ಅಲ್ಲಿಯೇ ಸಿಕ್ಕಿಬಿದ್ದಿದ್ದ. ಬಂದ ಮೇಲೆ ಕೋಣೆಯ ಬಾಗಿಲಲ್ಲಿ ನಿಂತು ಮಾಸ್ಕನ್ನು ಗಲ್ಲಕ್ಕೆ ಇಳಿಸಿದ.

"ಅಕ್ಕಾ, ಇದೇನು ನಲ್ಲಿ ನೀರಿನ ವಾಸನೆ?"

"ಮಾಸ್ಕ್ ಮೇಲೆ ಹಾಕ್ಕೊ ಮೊದ್ಲು."

"ಹದಿನಾಲ್ಕು ದಿನ ಕ್ವಾರಂಟೈನ್ ಮಾಡಿ ಬಂದಿದೀನಿ. ಈ ಬಿಲ್ಡಿಂಗಲ್ಲಿ ನನ್ನಷ್ಟು ಶುದ್ಧವಾದ ಮನುಷ್ಯ ಇನ್ನೊಬ್ಬ ಇಲ್ಲ. ನಿಜವಾಗ್ಲೂ ನಿಮಗೆ ಬರ್ತಿಲ್ವಾ? ನಮ್ಮ ಏರಿಯಾದಲ್ಲಿ ಸಂಪ್ ಕ್ಲೀನ್ ಮಾಡ್ದಾಗ ಹಿಂಗೇ ಇರುತ್ತೆ, ಕ್ಲೋರಿನ್ನು."

"ನಂಗೇನೂ ಬರ್ತಿಲ್ಲಪ್ಪ."

"ಹಂಗಾದ್ರೆ ಮೊದ್ಲು ಕೊರೊನಾ ಟೆಸ್ಟ್ ಮಾಡಿಸ್ಕೊಳ್ಳಿ," ಎಂದು ನಕ್ಕ.

ಅವನು ಹೋದ ಮೇಲೆ ಅನಸೂಯಾ ತನ್ನ ಮಾಸ್ಕನ್ನು ಸರಿಸಿ ಮೂಸಿದಳು. ವಾಸನೆ ಇತ್ತು. ಆದರೆ ಆ ವರ್ಷ ಯಾವ ಕಟ್ಟಡಕ್ಕೆ ಆ ವಾಸನೆ ಇರಲಿಲ್ಲ? ಬಸ್ಸಿನ ಹಿಡಿಕೆಗಳಿಗೂ ಇತ್ತು, ಕೊಂಬಿನಿ ಅಂಗಡಿಯ ಬುಟ್ಟಿಗಳಿಗೂ ಇತ್ತು. ಅವಳು ಮಾಸ್ಕ್ ಏರಿಸಿಕೊಂಡು ಎರಡನೆಯ ಸಲ ಬೆಳೆಸಿದ್ದ ಗಿಡಗಳಿಗೆ ನೀರು ಹಾಕಿದಳು.

ನವೆಂಬರಿನಲ್ಲಿ ಕಿಟ್ ಬಂತು. ಅವಳು ಫ್ರೀಜರಿನಿಂದ ಶಿಲೀಂಧ್ರವಿಲ್ಲದ ಬೇರುಗಳನ್ನು ತೆಗೆದು ಅಳೆದಳು. ಮೂರನೆಯ ವಾರದಿಂದ ಆಚೆಗೆ ಅವೂ ಸೆಣಸುತ್ತಿದ್ದವು. ಶಿಲೀಂಧ್ರವಿರುವ ಬೇರಿನಲ್ಲಿ ಎಷ್ಟೋ ಇವುಗಳಲ್ಲಿಯೂ ಅಷ್ಟೇ. ಮತ್ತೊಮ್ಮೆ ಅಳೆದಳು, ಅದೇ ಉತ್ತರ. ಒಂದರಿಂದ ಇನ್ನೊಂದನ್ನು ಕಳೆದರೆ ಏನೂ ಉಳಿಯುತ್ತಿರಲಿಲ್ಲ. ಅಂದರೆ ಆ ಬೇರುಗಳು ಸೆಣಸುತ್ತಿದ್ದುದು ಶಿಲೀಂಧ್ರದೊಂದಿಗೆ ಅಲ್ಲ.

ಯಂತ್ರವನ್ನು ಆರಿಸಿ ಅವಳು ಕುರ್ಚಿಯಲ್ಲಿ ಕುಳಿತಳು. ಆಗ ವಿವೇಕನ ಮಾತು ನೆನಪಾಯಿತು. ಪಕ್ಕದ ಪ್ರಯೋಗಾಲಯದಿಂದ ಕ್ಲೋರಿನ್ ನೋಡುವ ಕಾಗದದ ಪಟ್ಟಿಯನ್ನು ಕೇಳಿ ತಂದು, ಕುಂಡಗಳು ನಿಂತಿದ್ದ ಟ್ರೇಯ ನೀರಿಗೆ ಅದ್ದಿದಳು. ಪಟ್ಟಿ ಬಣ್ಣ ಬದಲಿಸಿತು.

ಮರುದಿನ ಬೆಳಗ್ಗೆ, ತನ್ನ ಪಾಳಿಯಲ್ಲದ ಹೊತ್ತಿನಲ್ಲಿ, ಅವಳು ಕೋಣೆಯ ಹೊರಗೆ ಬಂದು ನಿಂತಳು. ಗಾಜಿನ ಆಚೆ ಸುಗವಾರಾ-ಸಾನ್ ಏಪ್ರನ್ ಕಟ್ಟಿಕೊಂಡು, ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಕಪಾಟಿನ ಅಂಚು, ದೀಪದ ಸ್ವಿಚ್ಚು, ಟ್ರೇಗಳ ಅಂಚು ಎಲ್ಲವನ್ನೂ ಒಂದೊಂದಾಗಿ ಒರೆಸುತ್ತಿದ್ದರು. ಅಂಚಿನ ಒಳಬದಿಯನ್ನೂ ಬಿಡುತ್ತಿರಲಿಲ್ಲ. ಬಟ್ಟೆಯಿಂದ ಇಳಿದ ಹನಿಗಳು ಟ್ರೇಯ ನೀರಿಗೆ ಸೇರುತ್ತಿದ್ದವು. ಆ ನೀರನ್ನು ಕುಂಡಗಳು ತಳದಿಂದ ಹೀರುತ್ತಿದ್ದವು. ಕೆಲಸ ಅಚ್ಚುಕಟ್ಟಾಗಿತ್ತು. ಅನಸೂಯಾ ಬಾಗಿಲನ್ನು ಬೆರಳಿನಿಂದ ತಟ್ಟಿದಳು.

ಸುಗವಾರಾ-ಸಾನ್ ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದು, ಮಾಸ್ಕ್ ಸರಿಪಡಿಸಿಕೊಂಡು, ತಲೆಬಾಗಿದರು.

"ಸುಮಿಮಾಸೆನ್, ಕ್ಷಮಿಸಿ, ಸುಗವಾರಾ-ಸಾನ್. ಟ್ರೇಗಳನ್ನು ದಿನಾ ಒರೆಸುತ್ತೀರಾ?"

"ದಿನಾ ಒರೆಸುತ್ತೇನೆ. ಮಧ್ಯಾಹ್ನ ನೀವು ಮುಟ್ಟುವ ಜಾಗಗಳಲ್ಲವೇ? ನನ್ನಿಂದ ನಿಮಗೇನೂ ಅಂಟಬಾರದು. ಮನೆಗೆ ಹೋಗುವ ಮುಂಚೆ ನೀವೂ ಬೆಂಚನ್ನು ಒರೆಸಿಟ್ಟು ಹೋಗುತ್ತೀರಿ, ನನಗೆ ಗೊತ್ತು."

"ಯಾವಾಗಿನಿಂದ?"

"ಮೇ ಮೊದಲ ವಾರದ ರಜೆ ಮುಗಿದಾಗಿನಿಂದ." ಅವರು ಅವಳ ಮುಖವನ್ನು ನೋಡಿದರು. "ನಿಮ್ಮನ್ನು ಕೇಳಿದ್ದೆನಲ್ಲ."

ಕೇಳಿದ್ದರು. ರಜೆ ಮುಗಿದ ದಿನ ಕಾರಿಡಾರಿನ ಆ ತುದಿಯಲ್ಲಿ ನಿಂತು, ಟ್ರೇಗಳನ್ನು ಕ್ಲೋರಿನ್ ನೀರಿನಿಂದ ಒರೆಸಿದರೆ ತೊಂದರೆಯಾಗುವುದಿಲ್ಲವೇ ಎಂದು ಕೇಳಿದ್ದರು. ಆ ಊರಿನಲ್ಲಿ ಕಿಟಕಿ ತೆರೆಯುವ ಮುನ್ನ ಕೇಳುತ್ತಾರೆ. ಪಕ್ಕದ ಕುರ್ಚಿಯಲ್ಲಿ ಕೂರುವ ಮುನ್ನ ಕೇಳುತ್ತಾರೆ. ಉಳಿದವರಿಗಿಂತ ಮೊದಲು ಮನೆಗೆ ಹೊರಡುವ ಮುನ್ನ ಕ್ಷಮೆಯನ್ನೂ ಕೇಳುತ್ತಾರೆ. ಬಂದ ಹೊಸತರಲ್ಲಿ ಅನಸೂಯಾ ಪ್ರತಿ ಪ್ರಶ್ನೆಗೂ ಯೋಚಿಸಿ ಉತ್ತರ ಕೊಡುತ್ತಿದ್ದಳು. ಯೋಚಿಸುತ್ತ ನಿಂತರೆ ಕೇಳಿದವರು ಸಂಕೋಚದಿಂದ ಕುಗ್ಗುವುದನ್ನು ನೋಡಿ ಬಿಟ್ಟುಬಿಟ್ಟಳು. ಐದು ವರ್ಷಗಳಲ್ಲಿ ಅವಳು ಕಲಿತದ್ದು, ಇವು ಉತ್ತರ ಬೇಡುವ ಪ್ರಶ್ನೆಗಳಲ್ಲ, ದೋಜೊ, ಅಂದರೆ ಆಗಲಿ, ಎಂದು ತಲೆಬಾಗಿದರೆ ಸಾಕು, ಎಂಬುದನ್ನು. ಅಲ್ಲದೆ, ಹಿರಿಯರೊಬ್ಬರು ತಾವಾಗಿ ಸ್ವಚ್ಛ ಮಾಡುತ್ತೇನೆಂದು ಬಂದರೆ ಬೇಡವೆನ್ನುವುದನ್ನು ತುಮಕೂರಿನ ಮನೆಯಲ್ಲಿಯೂ ಅವಳಿಗೆ ಯಾರೂ ಕಲಿಸಿರಲಿಲ್ಲ. ಆ ದಿನ ದೋಜೊ, ದೋಜೊ ಎಂದು ಎರಡು ಸಲ ಹೇಳಿದ್ದಳು. ಪ್ರಶ್ನೆ ಮುಗಿಯುವವರೆಗೆ ಕಾದಿರಲೂ ಇಲ್ಲ.

ಸುಗವಾರಾ-ಸಾನ್ ಮಾತ್ರ ನಿಜವಾಗಿಯೇ ಕೇಳಿದ್ದರು. ಉತ್ತರ ಅವರಿಗೆ ಗೊತ್ತಿರಲಿಲ್ಲ.

"ಗಿಡಗಳಿಗೆ ಏನಾಯಿತು?"

ಅನಸೂಯಾ ಹೇಳಿದಳು. ಅವರು ಬಟ್ಟೆಯನ್ನು ಬಕೆಟ್ಟಿನೊಳಗೆ ಬಿಟ್ಟರು. ಕ್ಷಮೆ ಕೇಳಲಿಲ್ಲ. "ನೀವು ಬೇಡ ಎಂದಿದ್ದರೆ ಅಂದೇ ನಿಲ್ಲಿಸುತ್ತಿದ್ದೆ," ಎಂದರು. "ಬೇಸರವನ್ನೂ ಮಾಡಿಕೊಳ್ಳುತ್ತಿರಲಿಲ್ಲ."

ಮನೆಯಲ್ಲಿ ಮಧುಕರ್ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ಟೋಕಿಯೊದ ಆಫೀಸು ಮುಚ್ಚಿದ್ದರಿಂದ ಮದುವೆಯಾದ ಮೇಲೆ ಮೊದಲ ಬಾರಿಗೆ ಗಂಡಹೆಂಡಿರು ಒಂದೇ ಊರಿನಲ್ಲಿ ಒಂದು ವರ್ಷ ಕಳೆಯುತ್ತಿದ್ದರು. ಅವಳು ಹೇಳಿದ್ದನ್ನೆಲ್ಲ ಅವನು ಒಂದು ಕಿವಿಯ ಹೆಡ್‌ಫೋನ್ ತೆಗೆದು ಕೇಳಿದ. ನಂತರ ಇನ್ನೊಂದನ್ನೂ ತೆಗೆದ.

"ಫಸ್ಟ್ ವೀಕ್ ಕಂಟ್ರೋಲ್ ಇದೆ ಅಲ್ವಾ ಅನು? ಅದೇನು ಸುಳ್ಳಲ್ಲವಲ್ಲ."

"ಸುಳ್ಳಲ್ಲ. ಅದು ಒರೆಸೋಕೆ ಶುರು ಮಾಡೋಕೆ ಮುಂಚಿಂದು."

"ಮತ್ತೆ ಅಷ್ಟನ್ನೇ ಹಾಕು. ಕಿಟ್ ಬರಲೇ ಇಲ್ಲ ಅಂದ್ಕೊ. ಕೋವಿಡ್ ಟೈಮು, ಯಾರೂ ಕೇಳಲ್ಲ. ಈ ವರ್ಷ ಎಲ್ಲಾರೂ ಅದನ್ನೇ ಹೇಳ್ತಿದಾರೆ."

"ಅಳೀದೇ ಇರೋ ನಂಬರ್ ಇಟ್ಟು ಒಂದ್ಸಲ ಕಳೆದೆ ಮಧು. ಈಗ ಅಳೆದ ಮೇಲೂ ಅದನ್ನೇ ಕಳೀಲಾ?"

ಅವನು ಎದ್ದು ಕುಕ್ಕರಿನಲ್ಲಿ ಅಕ್ಕಿ ಹಾಕಿದ. ಸ್ವಲ್ಪ ಹೊತ್ತಿನ ಮೇಲೆ, "ಡಿಪೆಂಡೆಂಟ್ ಅಂದ್ರೆ ಏನು ಮಹಾ. ಈಗ ನಾನಿಲ್ಲಿ ನಿನ್ನ ಯೂನಿವರ್ಸಿಟಿ ಕ್ವಾರ್ಟರ್ಸಲ್ಲಿ ಬಿದ್ದಿಲ್ವಾ?" ಎಂದ.

"ನಿನ್ನ ಕಾರ್ಡ್ ಮೇಲೆ ಹಂಗಂತ ಬರ್ದಿಲ್ಲ."

"ಸರಿ ಬಿಡು," ಎಂದು ನಿಟ್ಟುಸಿರು ಬಿಟ್ಟ. "ನಿಮ್ಮ ಸೆನ್ಸೆಯ್‌ಗೆ ಹೇಳೋಕೆ ಮುಂಚೆ ಊಟನಾದ್ರೂ ಮಾಡು."

ಎರಡು ದಿನ ಬಿಟ್ಟು ಅವಳು ತೋಗಾಶಿ ಸೆನ್ಸೆಯ್ ಎದುರು ಕುಳಿತಳು. ನಡುವೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಿತ್ತು. ಅವರು ಹೊಸ ರೇಖಾಚಿತ್ರವನ್ನು ಬಹಳ ಹೊತ್ತು ನೋಡಿದರು.

"ಸುಗವಾರಾ-ಸಾನ್ ನಿನ್ನೆ ಬಂದಿದ್ದರು," ಎಂದರು. "ಯಾರನ್ನೂ ಕೇಳದೆ ಟ್ರೇಗಳನ್ನು ಒರೆಸಿದೆ, ತಪ್ಪು ನನ್ನದು, ಎಂದು ಹೇಳಿ ಹೋದರು."

"ಅದು ನಿಜವಲ್ಲ ಸೆನ್ಸೆಯ್. ಅವರು ಕೇಳಿದ್ದರು. ನಾನು ಒಪ್ಪಿದ್ದೆ."

"ಅವರು ಕೇಳಲಿಲ್ಲ ಎನ್ನುತ್ತಾರೆ."

"ಕೇಳಿದರು. ಮೇ ತಿಂಗಳಲ್ಲಿ, ಕಾರಿಡಾರಿನಲ್ಲಿ."

"ಇಬ್ಬರಲ್ಲಿ ಒಬ್ಬರು ನನಗೆ ಸುಳ್ಳು ಹೇಳುತ್ತಿದ್ದೀರಿ." ಅವರು ಹಾಳೆಯನ್ನು ಮಗುಚಿಟ್ಟರು. "ಬೇರಿಗೆ ಅದರಿಂದ ಯಾವ ವ್ಯತ್ಯಾಸವೂ ಇಲ್ಲ. ಪ್ರಬಂಧ ನಿಲ್ಲಿಸೋಣ."

ನಂತರ ಗೋಡೆಯ ಕ್ಯಾಲೆಂಡರನ್ನು ನೋಡಿ, ವಿಸ್ತರಣೆಯ ಕಾಗದವನ್ನು ಜನವರಿ ಕೊನೆಯವರೆಗೆ ತಮ್ಮ ಬಳಿ ಇಟ್ಟುಕೊಳ್ಳಬಹುದು ಎಂದರು. ಅಷ್ಟರಲ್ಲಿ ಗಿಡಗಳನ್ನು ಮೊದಲಿನಿಂದ ಬೆಳೆಸಲು ಆಗುತ್ತದೆಯೇ ಎಂದು ಕೇಳಿದರು. ಒಂದು ಬಾರಿಗೆ ಸಮಯವಿದೆ ಎಂದಳು ಅನಸೂಯಾ.

"ಪ್ರತಿರೋಧ ಇಳಿಯದಿದ್ದರೆ ಪ್ರಬಂಧ ಉಳಿಯುತ್ತದೆ. ನಾನು ಸಹಿ ಮಾಡುತ್ತೇನೆ. ಇಳಿದರೆ..."

ವಾಕ್ಯವನ್ನು ಅವರು ಮುಗಿಸಲಿಲ್ಲ. ಅಲ್ಲಿ ಮುಗಿಸದ ವಾಕ್ಯವೇ ಉತ್ತರ. ಇದನ್ನು ಅವಳು ಸರಿಯಾಗಿಯೇ ಕಲಿತಿದ್ದಳು.

ಹೊಸ ಮಣ್ಣು, ಹೊಸ ಟ್ರೇ, ಅದೇ ಗುಡ್ಡಭತ್ತ. ಕಪಾಟನ್ನು ಬದಲಿಸಿದರು. ಸುಗವಾರಾ-ಸಾನ್ ಕ್ಲೋರಿನ್ನಿನ ಬಕೆಟ್ಟನ್ನು ಕೋಣೆಯೊಳಗೆ ತರುವುದನ್ನು ಬಿಟ್ಟು, ಬಾಗಿಲಲ್ಲಿ ಕೈಗವಸಿನ ಪೆಟ್ಟಿಗೆಯನ್ನು ಇಟ್ಟರು. ತಪ್ಪು ಯಾರದೆಂಬ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ಡಿಸೆಂಬರಿನಲ್ಲಿ ಹಿಮ ಬಿತ್ತು. ಹೊಸ ವರ್ಷದ ರಜೆಯಲ್ಲಿ ಕಟ್ಟಡದ ಹೀಟರುಗಳನ್ನು ಆರಿಸಿದ್ದರು. ಅನಸೂಯಾ ಕೋಟು ಬಿಚ್ಚದೆ ಗಿಡಗಳಿಗೆ ನೀರು ಹಾಕಿ, ಬಸ್ಸು ಕಡಿಮೆಯಿದ್ದುದರಿಂದ ನಡೆದೇ ಮನೆಗೆ ಹೋದಳು. ಯಾರಾದರೂ ಕೇಳಿದ್ದರೆ ದಣಿವಾಗಿದೆ ಎಂದು ಹೇಳುತ್ತಿದ್ದಳು. ಆ ವರ್ಷ ಎಲ್ಲರೂ ದಣಿದಿದ್ದರು. ಆದ್ದರಿಂದ ಯಾರೂ ಕೇಳಲಿಲ್ಲ.

ವಿವೇಕ್ ಮಾತ್ರ ಬಾಗಿಲಲ್ಲಿ ನಿಂತು ವರದಿ ಬೇಡುತ್ತಿದ್ದ.

"ಏನಂತೆ ಅಕ್ಕಾ, ಬೇರು ಇನ್ನೂ ಜಗಳ ಆಡ್ತಿದ್ಯಾ?"

"ಒಂದನೇ ವಾರದ್ದು ಹೈ ಇದೆ. ಅದು ಇರ್ಲೇಬೇಕು. ಮುಂದಿಂದು ಗೊತ್ತಿಲ್ಲ."

"ಆಡ್ಲಿ ಬಿಡಿ. ನಾನು ದಿನಾ ದೇವ್ರಿಗೆ ಕೈ ಮುಗಿತೀನಿ, ಸ್ವಾಮಿ, ಇವೆರಡಕ್ಕೂ ರಾಜಿ ಆಗೋದು ಬೇಡಪ್ಪಾ ಅಂತ. ಇಂಥ ಬೇಡಿಕೆ ದೇವ್ರಿಗೂ ಇದೇ ಮೊದ್ಲು ಇರಬೇಕು."

ಅನಸೂಯಾ ನಕ್ಕಳು. ಅವಳ ಬಯಕೆಯೂ ಅದೇ ಆಗಿತ್ತು. ಬೇರು ಹಗೆಯನ್ನು ಬಿಡದಿರಲಿ. ಬಂದವನು ಎಷ್ಟೇ ತಂದುಕೊಟ್ಟರೂ ಗೋಡೆಯನ್ನು ದಪ್ಪ ಮಾಡುತ್ತಲೇ ಇರಲಿ. ಬಯಕೆಯಿಂದ ಸಂಖ್ಯೆ ಬದಲಾಗುವುದಿಲ್ಲ ಎಂಬುದನ್ನು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಜನವರಿಯಲ್ಲಿ ಕೊನೆಯ ಗಿಡಗಳನ್ನು ಕಿತ್ತು ತೊಳೆದಳು. ಬೇರಿನ ಒಂದು ಪಾಲನ್ನು ಅಳತೆಗೆ ತೆಗೆದಿಟ್ಟು, ಇನ್ನೊಂದು ಪಾಲನ್ನು ಕ್ಷಾರದಲ್ಲಿ ಬೇಯಿಸಿ, ಪೆನ್ನಿನ ಶಾಯಿ ಬೆರೆಸಿದ ವಿನೆಗರಿನಲ್ಲಿ ಅದ್ದಿದಳು. ಹಾಗೆ ಮಾಡಿದರೆ ಬೇರು ತಿಳಿಯಾಗಿ ಶಿಲೀಂಧ್ರ ಮಾತ್ರ ನೀಲಿಯಾಗಿ ಕಾಣುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಕೋಶ ಕೋಶದಲ್ಲಿಯೂ ನೀಲಿಯ ಪುಟ್ಟ ಮರಗಳಿದ್ದವು. ಹಿಂದಿನ ಯಾವ ಬಾರಿಯೂ ಅವು ಅಷ್ಟು ದಟ್ಟವಾಗಿ ಬೆಳೆದಿರಲಿಲ್ಲ. ಕ್ಲೋರಿನ್ ಇಲ್ಲದ ನೀರಿನಲ್ಲಿ ಶಿಲೀಂಧ್ರವೂ ಸುಖವಾಗಿತ್ತು, ಬೇರೂ ಸುಖವಾಗಿತ್ತು. ಅದನ್ನು ನೋಡಿದಾಗಲೇ ಅವಳಿಗೆ ಉತ್ತರ ತಿಳಿಯಿತು. ಆದರೂ ಅಳೆದಳು.

ಶಿಲೀಂಧ್ರವಿಲ್ಲದ ಬೇರುಗಳು ಆದಿಯಿಂದ ಅಂತ್ಯದವರೆಗೆ ಸುಮ್ಮನಿದ್ದವು. ಶಿಲೀಂಧ್ರವಿರುವ ಬೇರುಗಳಲ್ಲಿ ಪ್ರತಿರೋಧ ಮೊದಲ ವಾರ ಏರಿತು, ಮೂರನೆಯ ವಾರ ಅರ್ಧಕ್ಕೆ ಇಳಿಯಿತು, ಏಳನೆಯ ವಾರ ಲೆಕ್ಕಕ್ಕೆ ಬಾರದಷ್ಟು ಕಡಿಮೆಯಾಯಿತು. ಗುಡ್ಡದ ಆ ಹಳೆಯ ತಳಿ ಲೋಕದ ಉಳಿದ ಭತ್ತಗಳಂತೆಯೇ ಒಂದು ಭತ್ತ. ರೇಖಾಚಿತ್ರ ಹಿಂದಿನದಕ್ಕಿಂತ ಸ್ವಚ್ಛವಾಗಿತ್ತು, ಎಲ್ಲರೂ ಬಲ್ಲದ್ದನ್ನು ಹೇಳುತ್ತಿತ್ತು.

ಅವಳು ಅದನ್ನು ಸೆನ್ಸೆಯ್‌ಗೆ ಕಳುಹಿಸಿದಳು. ಒಂದು ಗಂಟೆಯೊಳಗೆ ಉತ್ತರ ಬಂತು: ಈ ಬಾರಿಯ ಕೆಲಸದಲ್ಲಿ ದೋಷವಿಲ್ಲ, ಧನ್ಯವಾದಗಳು. ವಿಸ್ತರಣೆಯ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಕಾರಿಡಾರಿಗೆ ಬಂದು ಮಧುಕರನಿಗೆ ಫೋನ್ ಮಾಡಿದಳು.

"ಇಳೀತು," ಎಂದಳು.

"ಎಷ್ಟು?"

"ಪೂರ್ತಿ. ಕಂಪನಿಗೆ ಬರಿ, ಏಪ್ರಿಲ್‌ಗೆ ಮನೆ ಬೇಕು ಅಂತ."

"ಬರಿತೀನಿ. ಕಾರ್ಡ್ ಚೇಂಜ್ ಮಾಡಿಸೋಕೆ ನನ್ನ ಸ್ಯಾಲರಿ ಸರ್ಟಿಫಿಕೇಟ್ ಕೇಳ್ತಾರೆ ಅನ್ಸುತ್ತೆ. ಅದನ್ನೂ ತರಿಸ್ಲಾ ಅನು?"

"ತರಿಸು."

"ಅಲ್ಲೂ ಯೂನಿವರ್ಸಿಟಿಗಳಿವೆ. ನೋಡೋಣ."

"ಹ್ಞೂಂ, ನೋಡೋಣ. ಈಗ ಇಡ್ತೀನಿ, ಕೆಲಸ ಇದೆ."

ಸುಳ್ಳಲ್ಲ, ಕೆಲಸವಿತ್ತು. ಬಳಸಿದ ಮಣ್ಣನ್ನು ಹಬೆಯಲ್ಲಿ ಬೇಯಿಸದೆ ಹೊರಗೆ ಹಾಕುವಂತಿರಲಿಲ್ಲ. ಅವಳು ಒಂದೊಂದೇ ಕುಂಡವನ್ನು ಚೀಲದೊಳಗೆ ಮಗುಚಿ ತಳವನ್ನು ತಟ್ಟಿದಳು. ಮಣ್ಣು ಬೇರುಗಳ ಎಳೆಗಳಿಂದ ಹೆಣೆದುಕೊಂಡು ಕುಂಡದ ಆಕಾರದಲ್ಲಿಯೇ ಇಡಿಯಾಗಿ ಕಳಚಿ ಬರುತ್ತಿತ್ತು. ಅದನ್ನು ಕೈಯಿಂದ ಮುರಿಯಬೇಕಾಗಿತ್ತು. ಮುರಿದು ಹಾಕಿ, ಕೊಳಾಯಿ ತಿರುಗಿಸಿ, ಕುಂಡಗಳನ್ನು ತೊಳೆಯತೊಡಗಿದಳು.